ನಾಲ್ಕನೆಯ ಎಡೆ

ಮುನಿಆಂಜನಪ್ಪನ ಮನೆತನದಲ್ಲಿ ಹಸಿದುಕೊಂಡು ಸತ್ತ ಗಂಡಸರಿಲ್ಲ. ಅವನ ತಾತ ಬೀಗರೂಟದ ಪಂಕ್ತಿಯಲ್ಲಿ ಕೂತು, ಬೋಟಿ ಗೊಜ್ಜಿನವನನ್ನು ಕೈಯೆತ್ತಿ ಕರೆದು, ಎತ್ತಿದ ಕೈಯನ್ನು ಇಳಿಸದೆಯೇ ಪಕ್ಕದವನ ಹೆಗಲಿಗೆ ವಾಲಿದ. ಅಪ್ಪ ಒಂದು ಭಾನುವಾರ ತಲೆಮಾಂಸದ ಸಾರಿನಲ್ಲಿ ಮುದ್ದೆ ಮುಗಿಸಿ, ಗೋಡೆಗೆ ಒರಗಿ, ವೀಳ್ಯದೆಲೆ ಕೇಳಿದ. ಎಲೆಗೆ ಸುಣ್ಣ ಸವರುವಷ್ಟರಲ್ಲಿ ಮುಗಿದಿತ್ತು. ಅಣ್ಣ ತನ್ನ ಸ್ವಂತ ಮನೆಯ ಗೃಹಪ್ರವೇಶದ ಮಾರನೆಯ ದಿನ ನೆಂಟರಿಗೆಲ್ಲ ಬಾಡೂಟ ಹಾಕಿಸಿ, ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂತು, ಎಲ್ಲರಿಗಿಂತ ಮೊದಲು ಹೊರಟುಹೋದ. ಮೂವರಲ್ಲಿ ಒಬ್ಬನೂ ಐವತ್ತೈದರ ಮುಖ ನೋಡಲಿಲ್ಲ.

ಬೇರೆ ಮನೆತನದವರಾಗಿದ್ದರೆ ಇದರಿಂದ ಏನಾದರೂ ಕಲಿಯುತ್ತಿದ್ದರೋ ಏನೋ. ಇವರು ಹೆಮ್ಮೆಪಟ್ಟರು. "ಪುಣ್ಯವಂತ, ಉಂಡು ಹೋದ" ಎಂಬುದು ಆ ಮನೆಯಲ್ಲಿ ಸತ್ತವರಿಗೆ ಸಿಗುತ್ತಿದ್ದ ದೊಡ್ಡ ಬಿರುದು. ಅದನ್ನು ಕೊಡುವ ಅಧಿಕಾರ ಹಲಸೂರಿನಲ್ಲಿದ್ದ ಅಕ್ಕ ಮುನಿಶಾಮಮ್ಮನದು. ಅಪ್ಪನಿಗೂ ಅಣ್ಣನಿಗೂ ಕೊನೆಯ ತುತ್ತು ಬಡಿಸಿದ ಕೈ ಅವಳದೇ. ಆ ವಿಷಯವನ್ನು ಅವಳು ಪ್ರತಿ ಮದುವೆಯಲ್ಲೂ ಪ್ರತಿ ತಿಥಿಯಲ್ಲೂ ತಪ್ಪದೆ ಹೇಳುತ್ತಿದ್ದಳು.

ಆ ಮನೆಯಲ್ಲಿ ಉಳಿದ ಗಂಡಸು ಮುನಿಆಂಜನಪ್ಪ ಒಬ್ಬನೇ. ರಾಮಮೂರ್ತಿ ನಗರದಲ್ಲಿ ಸ್ವಂತ ಮನೆ, ಸರ್ಕಾರಿ ಫ್ಯಾಕ್ಟರಿಯೊಂದರ ಸ್ಟೋರ್ಸಿನಲ್ಲಿ ಸೂಪರ್‌ವೈಸರ್ ಕೆಲಸ, ಹೆಂಡತಿ ಪಿಳ್ಳಮ್ಮ, ವಯಸ್ಸು ಐವತ್ತೆರಡು. ಎರಡು ಸಾವಿರದ ನಾಲ್ಕನೆಯ ಇಸವಿಯ ಮಳೆಗಾಲದಲ್ಲಿ ಅವನು ಕೆ.ಆರ್. ಪುರಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎದೆಯಲ್ಲಿ ಯಾರೋ ಸ್ಕ್ರೂ ತಿರುಗಿಸಿದ ಹಾಗಾಯಿತು. ಕೂತ. ನಿಂತಿತು. ಎದ್ದ. ಮತ್ತೆ ತಿರುಗಿಸಿದರು.

ಫ್ಯಾಕ್ಟರಿ ಆಸ್ಪತ್ರೆಯ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆಯುವುದು ಒಳ್ಳೆಯ ಲಕ್ಷಣವಲ್ಲ.

"ನಿಮ್ಮ ತಂದೆ ಹೇಗೆ ತೀರಿಕೊಂಡ್ರು?"

"ಉಂಡು ಹೋದ್ರು, ಮೇಡಂ."

"ಅಣ್ಣ?"

"ಅವನೂನೂ."

"ಮುನಿಆಂಜನಪ್ಪನವರೇ, ನೀವು ಉಣ್ಣದೆ ಇರೋದು ಕಲೀಬೇಕು. ಮಟನ್, ಎಣ್ಣೆ, ಕೊಬ್ರಿ, ಎಲ್ಲಾ ಬಂದ್. ಶುಕ್ರವಾರ ನಮ್ಮ ಡಯಟಿಷಿಯನ್ ಅಡುಗೆ ಮಾಡಿ ತೋರಿಸ್ತಾರೆ, ಬಂದು ಕೂತ್ಕೊಳ್ಳಿ."

ಶುಕ್ರವಾರ ಅವನಂಥವರೇ ಒಂದಷ್ಟು ಜನ ಕೊಬ್ಬಿದ ರಕ್ತದವರು ಹಾಲ್‌ನಲ್ಲಿ ಕೂತರು. ಚಿಕ್ಕ ವಯಸ್ಸಿನ ಡಯಟಿಷಿಯನ್ ಹುಡುಗಿ ಕೋಳಿಯ ಎದೆಭಾಗವನ್ನು ಬರೀ ಮೆಣಸು ಹಾಕಿ ಬೇಯಿಸಿ, ಎಳೆಎಳೆಯಾಗಿ ಬಿಡಿಸಿದಳು. ಬೆಣ್ಣೆಹಣ್ಣನ್ನು ಕಿವುಚಿ ನಿಂಬೆರಸ ಹಿಂಡಿದಳು. ಎರಡನ್ನೂ ಲೆಟ್ಯೂಸ್ ಎಂಬ ಹಸಿ ಸೊಪ್ಪಿನ ಎಲೆಯಲ್ಲಿಟ್ಟು ಸುರುಳಿ ಸುತ್ತಿದಳು. ಎಲ್ಲರಿಗೂ ಒಂದೊಂದು ಕೊಟ್ಟಳು. ಎಲ್ಲರೂ ಬಹಳ ಚೆನ್ನಾಗಿದೆ ಎಂದು ಹೇಳಿ ಜೇಬಿಗೆ ಹಾಕಿಕೊಂಡರು. ಮುನಿಆಂಜನಪ್ಪ ಮೊದಲನೆಯ ಸಾಲಿನಲ್ಲಿ ಕೂತಿದ್ದರಿಂದ ತಿನ್ನಬೇಕಾಯಿತು.

"ಇದನ್ನ ದಿನಾ ತಿಂದ್ರೆ ಎಷ್ಟು ವರ್ಷ ಬದುಕಬಹುದಮ್ಮ?" ಎಂದು ಕೇಳಿದ.

"ಆರಾಮಾಗಿ ಎಂಬತ್ತು ಸಾರ್."

ಇನ್ನು ಇಪ್ಪತ್ತೆಂಟು ವರ್ಷ ಈ ಸುರುಳಿ ತಿನ್ನುವ ಯೋಚನೆಗೆ ಅವನ ಮುಖ ಸಣ್ಣಗಾಯಿತು. ಆದರೂ ಸಾಯುವ ಮನಸ್ಸು ಅವನಿಗಿರಲಿಲ್ಲ. ತನ್ನ ಮನೆತನದಲ್ಲಿ ಪಿಂಚಣಿ ಎಣಿಸಿದ ಮೊದಲನೆಯ ಗಂಡಸು ತಾನಾಗಬೇಕು ಎಂದು ಅಂದೇ ತೀರ್ಮಾನಿಸಿದ.

ಲೆಟ್ಯೂಸ್ ಸಿಗುವುದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಎಂದು ಯಾರೋ ಹೇಳಿದರು. ಅಲ್ಲಿ ಹೋಟೆಲುಗಳಿಗೆ ತರಕಾರಿ ಕೊಡುತ್ತಿದ್ದ ಉಮ್ಮೆ ಕುಲ್ಸುಂ ಎಂಬ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಲೆಟ್ಯೂಸಾ? ಯಾವ ಹೋಟೆಲ್ ಸಾಬ್ ನಿಮ್ದು?"

"ಹೋಟೆಲ್ ಅಲ್ಲಮ್ಮ, ಮನೆಗೆ."

"ಮನೇಲಿ ಯಾರ್ಗೆ ಹುಷಾರಿಲ್ಲ?"

"ನನಗೇ."

"ಅಲ್ಲಾ ಶಿಫಾ ಕೊಡ್ಲಿ, ಬೇಗ ವಾಸಿ ಆಗ್ಲಿ. ಇದು ದೊರೆಗಳು ತಿಂತಾರೆ, ಇಲ್ಲಾ ಮೊಲ ತಿಂತವೆ. ನೀವು ಯಾವ ಕಡೆ?"

"ನಾನು ಸ್ಟೋರ್ಸ್ ಸೂಪರ್‌ವೈಸರು."

ಅವಳಿಗೆ ಅಯ್ಯೋ ಅನ್ನಿಸಿತೋ ಏನೋ, ಒಂದು ಬೆಣ್ಣೆಹಣ್ಣನ್ನು ಹೆಚ್ಚಿಗೆ ಹಾಕಿದಳು. ಜ್ಯೂಸ್ ಮಾಡಿಕೊಳ್ಳಿ, ಸಕ್ಕರೆ ಜಾಸ್ತಿ ಹಾಕಿ ಎಂದೂ ಹೇಳಿದಳು.

ಕೋಳಿ ಅಂಗಡಿಯವನು ಇನ್ನೂ ಸೂಕ್ಷ್ಮದವನು. ಚರ್ಮ ಬೇಡ, ಕಾಲು ಬೇಡ, ಈಲಿ ಬೇಡ, ಬರೀ ಎದೆ ಸಾಕು ಎಂದಾಗ ಕತ್ತಿ ಕೆಳಗಿಟ್ಟು, "ಯಾವ ಜಾತಿ ಸಾರ್?" ಎಂದ.

"ಯಾಕಪ್ಪ, ಕೋಳಿಗೆ ಜಾತಿ ಕೇಳ್ತೀಯ?"

"ನಾಯಿ ಸಾರ್. ಡಾಬರ್‌ಮನ್ನಾ, ಪಮೇರಿಯನ್ನಾ? ಪಮೇರಿಯನ್ ಆದ್ರೆ ಸಣ್ಣಗೆ ಕತ್ತರಿಸ್ತೀನಿ."

ಮುನಿಆಂಜನಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಸಣ್ಣಗೇ ಕತ್ತರಿಸು" ಎಂದ.

ಮನೆಯಲ್ಲಿ ಪಿಳ್ಳಮ್ಮ ಮೊದಲ ದಿನ ಅತ್ತಳು. ಕೋಳಿ ಬೇಯುತ್ತಿದೆ, ಮನೆಯಲ್ಲಿ ಘಮವಿಲ್ಲ. ಒಗ್ಗರಣೆಯಿಲ್ಲ, ಕಾಯಿ ರುಬ್ಬುವ ಸದ್ದಿಲ್ಲ. "ಪಕ್ಕದ ಮನೆಯವರು ಏನಂದ್ಕೋತಾರೆ ರೀ? ಹೆಂಡ್ತಿಗೆ ಅಡುಗೆ ಬರಲ್ಲ ಅಂದ್ಕೊಳಲ್ವಾ?" ಎಂದು ಮೂಗು ಒರೆಸಿಕೊಂಡಳು. ಅಡುಗೆ ತಾನೇ ಮಾಡಿಕೊಳ್ಳುತ್ತೇನೆ ಎಂದು ಮುನಿಆಂಜನಪ್ಪ ಸೊಂಟಕ್ಕೆ ಟವೆಲು ಕಟ್ಟಿದ. ಬೇಯಿಸುವುದು, ಕಿವುಚುವುದು ಬಂತು. ಸುತ್ತುವುದು ಮಾತ್ರ ಬರಲಿಲ್ಲ. ಎಲೆ ಮಡಚಿದರೆ ನಡುದಂಟು ಲಟ್ಟೆನ್ನುತ್ತಿತ್ತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಕೋಳಿ ಉದುರುತ್ತಿತ್ತು. ಕೊನೆಗೆ ಪಿಳ್ಳಮ್ಮ ಹೂ ಕಟ್ಟಲು ಇಟ್ಟಿದ್ದ ಬಾಳೆನಾರಿನಿಂದ ಒಂದೊಂದು ಸುರುಳಿಯ ಹೊಟ್ಟೆಗೂ ಗಂಟು ಹಾಕಿದ. ನೋಡಲು ಅದು ತಿನ್ನುವ ಪದಾರ್ಥಕ್ಕಿಂತ ಯಾರೋ ಜ್ಯೋತಿಷಿ ಹೇಳಿ ಮಾಡಿಸಿದ ಪರಿಹಾರದ ಹಾಗಿತ್ತು.

ಹೀಗೆ ಕೆಲವು ವಾರ ನಡೆಯಿತು. ಸೇತುವೆ ಹತ್ತುವಾಗ ಸ್ಕ್ರೂ ತಿರುಗಿಸುವವರು ರಜೆ ಹಾಕತೊಡಗಿದರು. ಅಷ್ಟರಲ್ಲಿ ಪಿತೃಪಕ್ಷ ಬಂತು.

ಇಲ್ಲಿ ಒಂದು ಫೋಟೋದ ವಿಷಯ ಹೇಳಬೇಕು. ಮುನಿಆಂಜನಪ್ಪನ ಮನೆಯ ಒಳಕೋಣೆಯ ಗೋಡೆಯ ಮೇಲೆ ತಾತ, ಅಪ್ಪ, ಅಣ್ಣ ಮೂವರೂ ಸಾಲಾಗಿ ಗಂಧದ ಹಾರ ಹಾಕಿಕೊಂಡು ಕೂತಿದ್ದರು. ಹಿಂದಿನ ವರ್ಷ ಫ್ಯಾಕ್ಟರಿಯಲ್ಲಿ ಅವನಿಗೆ ದೀರ್ಘ ಸೇವೆಯ ಸನ್ಮಾನವಾಯಿತು. ಶಾಲು, ಗಂಧದ ಹಾರ, ಕಟ್ಟು ಹಾಕಿಸಿದ ಅವನದೇ ಫೋಟೋ ಕೊಟ್ಟರು. ಫೋಟೋಗೆ ಹಾರ ಹಾಕಿ ಅಣ್ಣನ ಪಕ್ಕದಲ್ಲೇ ತೂಗುಹಾಕಿದ.

"ಬದುಕಿರೋರ ಫೋಟೋಗೆ ಹಾರ ಹಾಕಬಾರ್ದು ರೀ," ಎಂದಿದ್ದಳು ಪಿಳ್ಳಮ್ಮ.

"ಅದು ಸತ್ತೋರ ಹಾರ ಕಣೇ. ಇದು ಮ್ಯಾನೇಜ್‌ಮೆಂಟ್ ಹಾರ."

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮುನಿಶಾಮಮ್ಮ ಹಲಸೂರಿನಿಂದ ಆಟೋ ತುಂಬ ಪಾತ್ರೆ ಹೇರಿಕೊಂಡು ಬಂದಳು. ಅವತ್ತು ಹಿರಿಯರಿಗೆ ಎಡೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಒಬ್ಬೊಬ್ಬರ ಫೋಟೋ ಕೆಳಗೂ ಒಂದೊಂದು ಬಾಳೆಎಲೆ ಹಾಕಿ ಬಡಿಸಿ, ಊದುಬತ್ತಿ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಎಡೆಯಲ್ಲಿ ಒಂದು ಪಾಲನ್ನು ಮಾಳಿಗೆಗೆ ಒಯ್ದು ಕಾಗೆಗೆ ಇಡಬೇಕು. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ.

ಮುನಿಆಂಜನಪ್ಪ ಬೆಳಿಗ್ಗೆಯೇ ತನ್ನ ಮಧ್ಯಾಹ್ನದ ಸುರುಳಿಗಳನ್ನು ಸುತ್ತಿ ಮುಗಿಸಿದ್ದ. ಅಕ್ಕನ ಕಣ್ಣಿಗೆ ಬಿದ್ದರೆ ಅವು ನೇರ ಮೋರಿಗೆ ಹೋಗುತ್ತವೆ. ಹೊರಗಿಟ್ಟರೆ ಪಕ್ಕದ ಮನೆಯ ಬೆಕ್ಕು. ತಟ್ಟೆಗಳನ್ನೂ ಫ್ರಿಜ್ಜನ್ನೂ ಅಕ್ಕ ವಶಪಡಿಸಿಕೊಂಡಿದ್ದಳು. ಅವನು ಯೋಚಿಸಿದ: ಈ ದಿನ ಮನೆಯಲ್ಲಿ ಬಾಗಿಲು ಮುಚ್ಚಿ ಕಾವಲಿಡುವ ಕೋಣೆ ಯಾವುದು? ಎಡೆಯ ಕೋಣೆ. ಅದಕ್ಕಿಂತ ಭದ್ರವಾದ ಜಾಗ ಯಾವುದು? ಅಕ್ಕ ಬಡಿಸಿ ಹೊರಗೆ ಬಂದ ಮೇಲೆ, ಊದುಬತ್ತಿ ನೋಡಿ ಬರುತ್ತೇನೆ ಎಂದು ಒಳಗೆ ಹೋಗಿ, ಉಳಿದಿದ್ದ ಬಾಳೆಎಲೆಯ ತುಂಡಿನ ಮೇಲೆ ಸುರುಳಿಗಳನ್ನಿಟ್ಟು, ಸಾಲಿನ ಕೊನೆಯಲ್ಲಿ ಖಾಲಿ ಇದ್ದ ಜಾಗದಲ್ಲಿರಿಸಿ ಬಂದ. ಆ ಖಾಲಿ ಜಾಗದ ಮೇಲಿನ ಗೋಡೆಯಲ್ಲಿ ಯಾವ ಫೋಟೋ ಇದೆ ಎಂದು ತಲೆಯೆತ್ತಿ ನೋಡುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಮುನಿಶಾಮಮ್ಮ ಕೆಮ್ಮಿ ಬಾಗಿಲು ತೆಗೆದಳು. ಮೂರು ಎಲೆ ಇಟ್ಟು ಹೋದವಳಿಗೆ ನಾಲ್ಕು ಎಲೆ ಕಂಡಿತು. ನಾಲ್ಕನೆಯದರ ಮೇಲೆ ಉಪ್ಪು ಖಾರ ಬಣ್ಣ ಯಾವುದೂ ಇಲ್ಲದ ಬಿಳಚಿದ ಕೋಳಿ, ಬಾಳೆನಾರಿನ ಗಂಟು. ಮೇಲೆ ಹಾರ ಹಾಕಿಕೊಂಡು ನಗುತ್ತಿರುವ ತಮ್ಮ. ಊದುಬತ್ತಿಯ ಹೊಗೆ ಸರಿಯಾಗಿ ಅವನ ಮೂಗಿನ ಕೆಳಗೆ ಸುಳಿಯುತ್ತಿತ್ತು.

ಅವಳು ಕಿರುಚಲಿಲ್ಲ. ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು. ತನಗೆ ತಾನೇ ಎಡೆ ಇಟ್ಟುಕೊಳ್ಳುವ ಮನುಷ್ಯನಿಗೆ ಎಲ್ಲ ಗೊತ್ತಾಗಿರುತ್ತದೆ.

"ಯಾವಾಗ ಗೊತ್ತಾಯ್ತೋ ಆಂಜನಿ?"

ಸುರುಳಿ ಸಿಕ್ಕಿಬಿತ್ತು ಎಂದುಕೊಂಡ ಮುನಿಆಂಜನಪ್ಪ ತಲೆ ತಗ್ಗಿಸಿದ. "ಹೋದ ತಿಂಗಳು, ಅಕ್ಕ. ಫ್ಯಾಕ್ಟರಿ ಡಾಕ್ಟರು ಹೇಳಿದ್ರು."

"ಏನಂದ್ರು?"

"ಅಪ್ಪ, ಅಣ್ಣನ ದಾರೀನೇ ಹಿಡಿದಿದ್ದೀಯ ಅಂದ್ರು. ಇನ್ಮೇಲೆ ನನಗೆ ಇದೇ ಅಕ್ಕ."

"ಪಿಳ್ಳಮ್ಮಂಗೆ ಗೊತ್ತಾ?"

"ಗೊತ್ತು. ಮೊದಲು ಅತ್ತಳು. ಈಗ ಒಗ್ಗಿಹೋಗಿದೆ."

ಮುನಿಶಾಮಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಪಿಳ್ಳಮ್ಮ ಬಂದು ಮೂರು ಎಡೆಗಳಿಂದ ಕಾಗೆಯ ಪಾಲು ತೆಗೆದು ಮಾಳಿಗೆಗೆ ಒಯ್ದಳು. ಅಕ್ಕ ಬೈಯಲಿಲ್ಲವಲ್ಲ ಎಂಬ ಸಂತೋಷದಲ್ಲಿ ಅವನು ತನ್ನ ಎಲೆಯನ್ನೆತ್ತಿಕೊಂಡು, ನೆಮ್ಮದಿಯಾಗಿ ತಿನ್ನಲು ಮಾಳಿಗೆ ಹತ್ತಿದ. ಅಲ್ಲಿ ಪಿಳ್ಳಮ್ಮ ಕಾಗೆಗೆ ಮೂರು ಪಾಲು ಜೋಡಿಸುತ್ತಿದ್ದಳು. ಅವಳಿಗೆ ನೀರಿನ ಚೊಂಬು ಎತ್ತಿಕೊಡಲೆಂದು ಎಲೆಯನ್ನು ಮೋಟುಗೋಡೆಯ ಮೇಲಿಟ್ಟ. ಕಾಗೆ ಬಂತು. ಮೂರು ಪಾಲುಗಳನ್ನೂ ದಾಟಿ, ಮೋಟುಗೋಡೆಗೆ ಹಾರಿ, ನಾಲ್ಕನೆಯ ಎಲೆಯಿಂದ ಒಂದು ಸುರುಳಿ ಕಚ್ಚಿಕೊಂಡು ಹೋಯಿತು. ಕಾಗೆಗೆ ಅದರದೇ ಕಾರಣವಿತ್ತು: ಉಳಿದ ಮೂರರಲ್ಲಿ ಸಾರು ಇನ್ನೂ ಸುಡುತ್ತಿತ್ತು. ಮೆಟ್ಟಿಲ ಮೇಲೆ ನಿಂತು ನೋಡಿದ ಮುನಿಶಾಮಮ್ಮನಿಗೆ ಆ ಕಾರಣ ಬೇಕಿರಲಿಲ್ಲ. ಅವಳು ಕೈಮುಗಿದು ಕೆಳಗಿಳಿದು ಫೋನಿನ ಹತ್ತಿರ ಹೋದಳು.

ಸಾಯುವವನು ಆಸೆ ಇಟ್ಟುಕೊಂಡು ಹೋಗಬಾರದು. ಆ ಮನೆತನಕ್ಕೆ ಒಂದು ಧರ್ಮವಿದ್ದರೆ ಅದು ಇದೊಂದೇ. ಮಾರನೆಯ ದಿನದಿಂದ ನೆಂಟರು ಬರತೊಡಗಿದರು. ಹೊಸಕೋಟೆಯ ಚಿಕ್ಕಮ್ಮ ನಾಟಿಕೋಳಿ ಸಾರು ತಂದಳು. ಹೂಡಿಯ ಭಾವಮೈದ ಕೈಮದ ಉಂಡೆ ತಂದ. ಯಾರೂ ರೋಗದ ಹೆಸರೆತ್ತಲಿಲ್ಲ, ಎತ್ತುವುದು ಮರ್ಯಾದೆಯಲ್ಲ. ಎಲ್ಲರೂ ಅವನ ಕೈ ಹಿಡಿದು, "ಒಂದೇ ಒಂದು ತುತ್ತು ಆಂಜನಿ, ನನ್ನ ಮನಸ್ಸಿಗೆ ಸಮಾಧಾನ" ಎಂದು ಕಣ್ಣು ತುಂಬಿಕೊಂಡರು. ಐವತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಪ್ರೀತಿಸಿರಲಿಲ್ಲ. ಸೊಪ್ಪು ತಿಂದು ತಿಂದು ನಾಲಗೆಯೂ ಮೆತ್ತಗಾಗಿತ್ತು. ಒಂದೇ ಒಂದು ತುತ್ತು ತಿಂದ. ಬಂದವರೆಲ್ಲರ ಒಂದೇ ಒಂದು ತುತ್ತನ್ನೂ ತಿಂದ.

ಫ್ಯಾಕ್ಟರಿಯ ವೆಲ್‌ಫೇರ್ ಆಫೀಸರು ಒಂದು ಸಂಜೆ ಬಂದರು. ಸೋಫಾದ ಅಂಚಿನಲ್ಲಿ ಕೂತು, ಬಹಳ ಮೃದುವಾಗಿ ಕೇಳಿದರು: "ನಿಮ್ಮ ಮಿಸೆಸ್ ಎಷ್ಟರವರೆಗೆ ಓದಿದ್ದಾರೆ?"

"ಏಳನೇ ಕ್ಲಾಸು ಸಾರ್. ಯಾಕೆ?"

"ಏನಿಲ್ಲ. ಸ್ಟೋರ್ಸಿನಲ್ಲಿ ಒಂದು ಜಾಗ ಖಾಲಿಯಾಗೋ ಹಾಗಿದೆ. ಅವರಿಗೇ ಕೊಡೋಣ ಅಂತ ನಮ್ಮ ಆಸೆ."

"ಯಾರದು ಸಾರ್ ಖಾಲಿಯಾಗೋದು?"

ಆಫೀಸರು ಕಣ್ಣು ಬೇರೆ ಕಡೆ ತಿರುಗಿಸಿದರು. "ನೀವು ಧೈರ್ಯವಂತರು ಮುನಿಆಂಜನಪ್ಪ. ನಾನು ಆಫೀಸಲ್ಲಿ ಎಲ್ಲರಿಗೂ ಹೇಳ್ತೀನಿ."

ಅವರು ಹೋದ ಮೇಲೆ ಮುನಿಆಂಜನಪ್ಪ, "ನೋಡಿದ್ಯೇನೇ, ನನ್ನ ಕೆಲಸ ನೋಡಿ ನಿನಗೂ ಕೆಲಸ ಕೊಡ್ತಾರಂತೆ" ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದ. ಉಬ್ಬಿಸಿದ ಎದೆ ಸ್ವಲ್ಪ ಚುಚ್ಚಿತು.

ಬಡಾವಣೆಯ ಸಂಘದ ಕಾರ್ಯದರ್ಶಿ ಹಂಪಣ್ಣ ಎರಡು ಮನೆ ಆಚೆಗಿದ್ದ. ರಾಯಚೂರಿನ ಕಡೆಯವನು, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಯಾವ ಕೆಲಸವನ್ನೂ ಕೊನೆ ಗಳಿಗೆಗೆ ಬಿಡದ ಮನುಷ್ಯ. ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಬಂದ.

"ಹ್ಯಾಂಗದೀರಿ ಮುನಿಆಂಜನಪ್ಪಾರ? ಮಾತಾಡ್ಬ್ಯಾಡ್ರಿ, ದಣಿವಾಗ್ತದ. ನಿಮ್ದೊಂದು ಚೊಲೋ ಫೋಟೋ ಬೇಕಾಗಿತ್ರಿ."

"ಯಾಕ್ರೀ?"

"ಫ್ಲೆಕ್ಸ್ ಮಾಡಸಾಕ. ಸಂಘದಿಂದ. ಮೂಲ್ಯಾಗ ದೊಡ್ಡದಾಗಿ ಹಾಕೂಣು ಅಂತ."

ರಾಜ್ಯೋತ್ಸವ ಹತ್ತಿರದಲ್ಲಿತ್ತು. ಪ್ರತಿ ವರ್ಷವೂ ಫ್ಲೆಕ್ಸಿನಲ್ಲಿ ತನ್ನ ಮುಖ ಅಂಚೆಚೀಟಿಯಷ್ಟು ಸಣ್ಣದಾಗಿ ಬರುತ್ತಿತ್ತೆಂಬ ಕೊರಗು ಮುನಿಆಂಜನಪ್ಪನಿಗಿತ್ತು. ಗೋಡೆಯ ಮೇಲಿನ ಸನ್ಮಾನದ ಫೋಟೋವನ್ನೇ ಇಳಿಸಿ ಕೊಟ್ಟ. "ಹಾರ ಇರ್ಲಾ, ತೆಗೀಲಾ?" ಎಂದು ಕೇಳಿದ.

"ಇರ್ಲಿ ಬಿಡ್ರಿ," ಎಂದ ಹಂಪಣ್ಣ. ಫೋಟೋವನ್ನು ಕಂಕುಳಲ್ಲಿಟ್ಟುಕೊಂಡ. "ಒಂದು ಖರ್ಚು ಉಳೀತು."

ಪಿಳ್ಳಮ್ಮನಿಗೆ ಮಾತ್ರ ಗಂಡನಿಗಿರುವುದು ಕೊಬ್ಬಿನ ತೊಂದರೆ ಎಂದು ಗೊತ್ತಿತ್ತು. ಆದರೆ ಊರೆಲ್ಲ ಬಂದು ಅತ್ತು ಹೋಗುವಾಗ ಒಬ್ಬಳೇ ಎಷ್ಟು ದಿನ ಅಳದೆ ಇರುವುದು? ನನಗೆ ಹೇಳದ್ದನ್ನು ಅತ್ತಿಗೆಗೆ ಹೇಳಿದ್ದಾರೆ ಎಂದುಕೊಂಡಳು. ಸಾರು ಬಿಸಿ ಮಾಡುತ್ತ ಒಲೆಯ ಮುಂದೆ ಬಿಕ್ಕಿದಳು. ಮುನಿಆಂಜನಪ್ಪ ಅದನ್ನು ಬಾಗಿಲ ಮರೆಯಿಂದ ನೋಡಿದ. ಡಾಕ್ಟರಮ್ಮ ನನಗೆ ಹೇಳದ್ದನ್ನು ಇವಳಿಗೆ ಹೇಳಿದ್ದಾರೆ. ಅದಕ್ಕೇ ಚಿಕ್ಕಮ್ಮ ಬಂದದ್ದು, ಅದಕ್ಕೇ ಆಫೀಸರು ಬಂದದ್ದು. ನೆಂಟರಿಗೆ, ಫ್ಯಾಕ್ಟರಿಗೆ, ಕೊನೆಗೆ ಹೆಂಡತಿಗೆ ಹತ್ತಿದ ಸುದ್ದಿ ಸುತ್ತಿ ಬಂದು ಸಾಯಬೇಕಾದವನಿಗೂ ಹತ್ತಿತು. ಫ್ರಿಜ್ಜಿನಲ್ಲಿದ್ದ ಲೆಟ್ಯೂಸನ್ನು ಅವನು ತೆಗೆದು ಬೀದಿಯ ಹಸುವಿಗೆ ಹಾಕಿದ. ಹಸು ಮೂಸಿ ನೋಡಿ ಮುಂದೆ ಹೋಯಿತು.

"ಅಕ್ಕ," ಎಂದು ಹಲಸೂರಿಗೆ ಫೋನ್ ಮಾಡಿದ. "ಭಾನುವಾರ ತಲೆಮಾಂಸ ಮಾಡ್ಕೊಂಡು ಬಾ. ಅಪ್ಪನಿಗೆ ಮಾಡಿದ್ಯಲ್ಲ, ಹಂಗೇ."

ಆ ಕಡೆಯಿಂದ ಅಕ್ಕನ ದನಿ, "ಆಗ್ಲಿ ಕಣಪ್ಪ" ಎಂದಿತು.

ಭಾನುವಾರ ಹಾಲ್‌ನಲ್ಲಿ ಪಂಕ್ತಿ ಹಾಕಿದರು. ನೆಂಟರೆಲ್ಲ ಕೂತರು. ಮಧ್ಯದಲ್ಲಿ, ಗೋಡೆಯ ಕಡೆಗೆ, ಮುನಿಆಂಜನಪ್ಪನ ಎಲೆ. ಮುನಿಶಾಮಮ್ಮ ಸೌಟು ಹಿಡಿದು ಎದುರಿಗೆ ನಿಂತಳು. ಹಬ್ಬದ ಅಡುಗೆ, ಎಲ್ಲರ ಕಣ್ಣೂ ಅವನ ಎಲೆಯ ಮೇಲೆ. ಅವನು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ. ಇನ್ನೊಂದು ಮುರಿದ. ಅರ್ಧ ಮುದ್ದೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಸ್ಟೋರ್ಸಿನ ಜನ ಕಾಣಿಸಿಕೊಂಡರು. ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಮುಂದಿದ್ದವನ ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ. ಹೆಣಕ್ಕೆ ಹಾಕಲು ತಂದ ಹಾರವನ್ನು, ಮೂಳೆ ಚೀಪುತ್ತಿರುವ ಹೆಣದ ಎದುರು ಏನು ಮಾಡಬೇಕೆಂದು ತಿಳಿಯದೆ ಅವನು ಬೆನ್ನ ಹಿಂದೆ ಹಿಡಿದ.

"ಏನ್ರಪ್ಪಾ, ಬನ್ನಿ, ಊಟಕ್ಕೆ ಕೂತ್ಕೊಳ್ಳಿ," ಎಂದ ಮುನಿಆಂಜನಪ್ಪ.

"ಸಾರ್, ಮೂಲೇಲಿ ಫ್ಲೆಕ್ಸ್ ನೋಡಿದ್ವಿ..."

ಹಿಂದೆಯೇ ಹಂಪಣ್ಣ ಓಡಿ ಬಂದ. "ತಪ್ಪಾಗೇತ್ರಿ, ತಪ್ಪಾಗೇತಿ. ರೆಡಿ ಮಾಡಿ ಇಟ್ಕೋ ಅಂದಿದ್ದೆ. ಆ ಫ್ಲೆಕ್ಸಿನಂವ ಬ್ಯಾರೇದರ ಜೋಡಿ ಇದನ್ನೂ ಕಟ್ಟಿ ಹೋಗ್ಯಾನ. ತಾರೀಕು ನಾ ಹಾಕ್ಸಿಲ್ರಿ, ಆಣೆಗೂ ಹಾಕ್ಸಿಲ್ಲ."

ಮುನಿಆಂಜನಪ್ಪ ಎಂಜಲು ಕೈಯಲ್ಲೇ ಎದ್ದು ಗೇಟಿನವರೆಗೆ ಹೋಗಿ ನೋಡಿದ. ಬೀದಿಯ ಮೂಲೆಯಲ್ಲಿ, ಎರಡು ಗಳುಗಳ ನಡುವೆ, ಅವನು ಆಳೆತ್ತರಕ್ಕೆ ನಗುತ್ತಿದ್ದ. ಕೆಳಗೆ "ಮತ್ತೆ ಹುಟ್ಟಿ ಬನ್ನಿ" ಎಂದಿತ್ತು. ಜನನದ ತಾರೀಕು ಸರಿಯಾಗಿತ್ತು. ಮರಣ ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿತ್ತು.

ಅವನು ವಾಪಸು ಬಂದು ತನ್ನ ಎಲೆಯ ಮುಂದೆ ಕೂತ.

"ಅಕ್ಕ, ನಾನು ಯಾಕೆ ಸಾಯ್ತಾ ಇದ್ದೀನಿ?"

"ಅದನ್ನ ನನ್ನ ಕೇಳ್ತೀಯೇನೋ? ನೀನೇ ಅಲ್ವಾ ಹೇಳಿದ್ದು."

"ನಾನೆಲ್ಲಿ ಹೇಳ್ದೆ?"

"ನಿನಗೆ ನೀನೇ ಎಡೆ ಇಟ್ಕೊಂಡಿದ್ಯಲ್ಲೋ, ಉಪ್ಪಿಲ್ಲದ ಎಡೆ, ನಿನ್ನ ಫೋಟೋ ಕೆಳಗೆ. ಕಾಗೆ ಮೊದಲು ಅದನ್ನೇ ಮುಟ್ತು."

"ಅದು ಎಡೆ ಅಲ್ಲ ಅಕ್ಕ. ಅದು ನನ್ನ ಊಟ. ಬೆಕ್ಕಿಗೆ ಹೆದರಿ ಅಲ್ಲಿಟ್ಟಿದ್ದೆ. ಅದನ್ನ ತಿಂದ್ರೆ ಸಾಯಲ್ಲ ಅಂತ ಡಾಕ್ಟರು ಹೇಳಿದ್ದು."

ಮೊದಲು ಹೂಡಿಯ ಭಾವಮೈದ ನಕ್ಕ. ಚಿಕ್ಕಮ್ಮ ನಕ್ಕಳು. ಪಿಳ್ಳಮ್ಮ ಅಳುತ್ತಲೇ ನಕ್ಕಳು. ಸೇವಂತಿಗೆಯ ಹಾರವನ್ನು ಸ್ಟೋರ್ಸಿನವನು ಧೈರ್ಯ ಮಾಡಿ ಅವನ ಕೊರಳಿಗೇ ಹಾಕಿದ. ಆಂಜನಿ ಸಾಯುವುದಿಲ್ಲ ಎಂದರೆ ಊಟ ಇನ್ನೂ ಜೋರಾಗಿ ಆಗಬೇಕಲ್ಲವೇ? "ಹಾಕಿ ಅಕ್ಕ, ಆಂಜನಿಗೆ ಇನ್ನೊಂದು ಸೌಟು ಹಾಕಿ" ಎಂದು ಪಂಕ್ತಿಯೆಲ್ಲ ಕೂಗಿತು. ಸಾಯುತ್ತಾನೆಂದು ಒಂದು ವಾರ ಬಡಿಸಿದವರು, ಸಾಯುವುದಿಲ್ಲವೆಂದು ಈಗ ಬಡಿಸಿದರು. ಮುನಿಆಂಜನಪ್ಪ ಕೊರಳ ತುಂಬ ಹೂ ಹಾಕಿಕೊಂಡು, ಬದುಕಿರುವ ಸಂತೋಷಕ್ಕೆ ಇನ್ನೊಂದು ಮುದ್ದೆ ಮುಗಿಸಿದ.

ಮುಗಿಸಿ, ಮೆಲ್ಲಗೆ ಗೋಡೆಗೆ ಒರಗಿದ. ಹಣೆಯ ಮೇಲೆ ಬೆವರಿತ್ತು. ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತ, "ಅಕ್ಕ, ಒಂದು ಎಲೆಗೆ ಸುಣ್ಣ ಹಚ್ಚಿಕೊಡು" ಎಂದ.

ನಗು ಇನ್ನೂ ನಡೆದಿತ್ತು. ಮುನಿಶಾಮಮ್ಮನ ಕೈಯಿಂದ ಸೌಟು ಬಿತ್ತು.

"ಏಳಿ ಎಲ್ಲಾ," ಎಂದಳು. "ಎಲೆ ಬಿಟ್ಟು ಏಳಿ. ಹಂಪಣ್ಣ, ನಿನ್ನ ವ್ಯಾನ್ ತೆಗಿ. ಇವತ್ತು ನನ್ನ ಕೈಲಿ ಯಾರಿಗೂ ಎಲೆ ಇಲ್ಲ."

ಹಂಪಣ್ಣ ಮಾರುತಿ ವ್ಯಾನನ್ನು ಓಲ್ಡ್ ಮದ್ರಾಸ್ ರಸ್ತೆಯಲ್ಲಿ ಹಾರನ್ನು ಒತ್ತಿ ಹಿಡಿದು ಓಡಿಸಿದ. ದಾರಿಯಲ್ಲಿ ಆ ಫ್ಲೆಕ್ಸಿನ ಕೆಳಗೇ ಹೋಗಬೇಕಾಯಿತು. ಮೇಲಿನವನು ಒಳಗಿನವನನ್ನು ನೋಡಿ ನಗುತ್ತಲೇ ಇದ್ದ. ದೊಡ್ಡಾಸ್ಪತ್ರೆಯವರು ಕೊರಳಿನ ಹಾರ ನೋಡಿ ಒಂದು ಕ್ಷಣ ಗಾಬರಿಯಾದರು. ಆಮೇಲೆ ಒಳಗೊಯ್ದು, ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಸ್ಪ್ರಿಂಗು ಹಾಕಿದರು.

ಹೊರಗೆ ಬಂದ ಯುವ ಡಾಕ್ಟರನ್ನು ಮುನಿಶಾಮಮ್ಮ ತಡೆದು ನಿಲ್ಲಿಸಿದಳು.

"ಒಂದು ಮಾತು ಕೇಳ್ತೀನಪ್ಪ. ಹೊಟ್ಟೆ ತುಂಬಾ ಉಂಡು, ಗೋಡೆಗೆ ಒರಗಿ ಹಂಗೇ ಹೋಗ್ಬಿಡ್ತಾರಲ್ಲ. ಅದು ಪುಣ್ಯ ಅಲ್ವಾ?"

"ಅಲ್ಲಮ್ಮ. ಅದು ಹಾರ್ಟ್ ಅಟ್ಯಾಕು."

"ಆಗಲೇ ಕರ್ಕೊಂಡು ಬಂದಿದ್ರೆ?"

"ಉಳೀತಿದ್ರು. ಈಗ ನಿಮ್ಮ ತಮ್ಮ ಉಳಿದಿಲ್ವಾ?"

ಅವಳು ಬೆಂಚಿನ ಮೇಲೆ ಕೂತು, ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕೈಯಲ್ಲಿ ಇನ್ನೂ ಮಸಾಲೆಯ ವಾಸನೆಯಿತ್ತು. ಆಸ್ಪತ್ರೆಯ ನ‌ಲ್ಲಿಯಲ್ಲಿ ಎಷ್ಟು ಹೊತ್ತು ತೊಳೆದರೂ ಹೋಗಲಿಲ್ಲ ಎಂದು ಆಮೇಲೆ ಪಿಳ್ಳಮ್ಮ ಹೇಳುತ್ತಿದ್ದಳು. ಆ ದಿನದ ನಂತರ ಮುನಿಶಾಮಮ್ಮನ ಬಾಯಲ್ಲಿ "ಉಂಡು ಹೋದ" ಎಂಬ ಮಾತನ್ನು ಯಾರೂ ಕೇಳಲಿಲ್ಲ.

ಮುನಿಆಂಜನಪ್ಪ ಮನೆಗೆ ಬಂದಾಗ ಹಲಸೂರಿನ ಮನೆಗೆ ಬೀಗ ಹಾಕಿ ಅಕ್ಕ ತಮ್ಮನ ಮನೆಯಲ್ಲೇ ಬೀಡುಬಿಟ್ಟಿದ್ದಳು. ನೋಡಲು ಬಂದವರು ಮುಚ್ಚಿದ ಪಾತ್ರೆ ತಂದರೆ ಗೇಟಿನಲ್ಲೇ ತಡೆದು, ಮುಚ್ಚಳ ತೆಗೆದು ಮೂಸಿ, ಹಾಗೆಯೇ ವಾಪಸು ಕಳಿಸುತ್ತಿದ್ದಳು. ಹೊಸಕೋಟೆಯ ಚಿಕ್ಕಮ್ಮ ಮುನಿಸಿಕೊಂಡು ಹೋದಳು. ಫ್ಲೆಕ್ಸನ್ನು ಪಿಳ್ಳಮ್ಮ ಮಾಳಿಗೆಯ ಮೇಲೆ ಹಾಸಿ ಒಣಮೆಣಸಿನಕಾಯಿ ಒಣಗಿಸುತ್ತಿದ್ದಳು. ದಪ್ಪ ಶೀಟು, ಹಾಳು ಮಾಡುವುದೇಕೆ ಎಂದು.

ಆ ಮಧ್ಯಾಹ್ನ ಮುನಿಆಂಜನಪ್ಪ ಮಂಚದ ಮೇಲೆ ಕೂತು ಸುರುಳಿ ಸುತ್ತಲು ನೋಡುತ್ತಿದ್ದ. ಕೈಯಲ್ಲಿ ಶಕ್ತಿಯಿರಲಿಲ್ಲ. ಎಲೆ ಲಟ್ಟೆಂದಿತು, ಕೋಳಿ ಹಾಸಿಗೆಯ ಮೇಲೆ ಉದುರಿತು. ಮುನಿಶಾಮಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಒಂದು ಎಲೆ ತೆಗೆದು, ಸೆರಗಿನಿಂದ ನೀರು ಒರೆಸಿ, ಉಗುರಿನಿಂದ ನಡುದಂಟನ್ನು ಸೀಳಿ ತೆಗೆದಳು. ಸುಣ್ಣ ಸವರುವ ಬೆರಳಿನಿಂದಲೇ ಬೆಣ್ಣೆಹಣ್ಣು ಸವರಿದಳು. ಅಡಕೆ ಇಡುವ ಜಾಗದಲ್ಲಿ ಕೋಳಿ ಇಟ್ಟಳು. ಅಪ್ಪನಿಗೆ ಎಷ್ಟೋ ವರ್ಷ ಮಡಚಿಕೊಟ್ಟ ಕೈ; ಈ ಕಡೆ, ಆ ಕಡೆ, ಮೇಲಿನಿಂದ ಒಂದು. ನಾರಿಲ್ಲ, ಗಂಟಿಲ್ಲ. ಎಲೆ ಬಿಚ್ಚಿಕೊಳ್ಳಲಿಲ್ಲ.

ಮೊದಲನೆಯದನ್ನು ತಾನೇ ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಲ್ಲಿಸಿದಳು. ತಮ್ಮನ ಮುಖ ನೋಡಿದಳು. ಮತ್ತೆ ಅಗಿದು, ಕಷ್ಟಪಟ್ಟು ನುಂಗಿದಳು.

"ಇದನ್ನ ತಿನ್ನೋದಕ್ಕಿಂತ ಸಾಯೋದೇ ಮೇಲು ಕಣೋ ಆಂಜನಿ," ಎಂದಳು.

ಇನ್ನೊಂದು ಎಲೆ ಮಡಚಿ, ಅವನ ತುಟಿಯ ಹತ್ತಿರ ಹಿಡಿದಳು.

"ಬಾಯಿ ತೆಗಿ."